ಲೀಡ್ ಬಿಟ್ ಕೇಳಿಸಬೇಕಾದರೆ: ಗಿಟಾರ್ ಆಂಪ್‌ನ ವಾಲ್ಯೂಮ್ ಮತ್ತು ಗೇನ್ ಕುರಿತು ನನ್ನ ಅನುಭವ

ರಸಮಂಜರಿ ವೇದಿಕೆಯಲ್ಲಿ ಪಲ್ಲವಿಗೂ ಚರಣಕ್ಕೂ ನಡುವೆ ಬರುವ ಲೀಡ್ ಬಿಟ್, ಅಂದರೆ ಗಿಟಾರ್ ಮುಂದೆ ನಿಂತು ನುಡಿಸುವ ತುಣುಕು, ಎಂಟು ಅಥವಾ ಹದಿನಾರು ಬಾರ್‌ಗಳಲ್ಲಿ ಮುಗಿದುಹೋಗುತ್ತದೆ. ಆ ಹೊತ್ತಿನಲ್ಲಿ ಗಾಯಕರು ಸುಮ್ಮನಿರುತ್ತಾರೆ. ಆದರೆ ಕೀಬೋರ್ಡಿನ ಸ್ಟ್ರಿಂಗ್ಸ್, ಬೇಸ್ ಗಿಟಾರ್, ಡ್ರಮ್ಸ್, ರಿದಮ್ ಪ್ಯಾಡ್, ಢೋಲಕ್ ಯಾವುವೂ ಸುಮ್ಮನಿರುವುದಿಲ್ಲ. ಕಾರ್ಡ್‌ಗಳನ್ನು ನುಡಿಸುವಾಗ ಐದಾರು ತಂತಿಗಳು ಒಟ್ಟಿಗೆ ಮಿಡಿಯುವುದರಿಂದ ಸದ್ದಿಗೆ ಒಂದು ಮೈಕಟ್ಟು ಇರುತ್ತದೆ. ಒಂದೊಂದೇ ಸ್ವರದ ಲೀಡ್‌ಗೆ ಬಂದ ಕೂಡಲೇ ಆ ಮೈಕಟ್ಟು ಕರಗಿ, ಹಾಡು ಗಿಟಾರನ್ನು ಮುಂದಕ್ಕೆ ಕರೆಯುವ ಜಾಗದಲ್ಲೇ ಅದು ಹಿಂದೆ ಸರಿಯುತ್ತದೆ. ಇದನ್ನು ಸರಿಪಡಿಸಿಕೊಳ್ಳಲು ನಾನು ಅನುಸರಿಸುತ್ತ ಬಂದ ಕ್ರಮಗಳನ್ನು ಇಲ್ಲಿ ಬರೆದಿದ್ದೇನೆ. ನನ್ನ ಸ್ವಂತ ಆಂಪ್ (ಆಂಪ್ಲಿಫೈಯರ್) ಮಾರ್ಷಲ್ ಡಿಎಸ್‌ಎಲ್40ಸಿಆರ್. ಅಭ್ಯಾಸದ ಕೋಣೆಗಳಲ್ಲಿಯೂ ಕೆಲವು ವೇದಿಕೆಗಳಲ್ಲಿಯೂ ರೋಲ್ಯಾಂಡ್ ಜೆಸಿ-120 ಆಂಪ್‌ನಲ್ಲಿ ನುಡಿಸುವ ಸಂದರ್ಭ ನನಗೆ ಬರುತ್ತಿರುತ್ತದೆ. ಒಂದು ವಾಲ್ವ್ ಆಂಪ್, ಮತ್ತೊಂದು ಟ್ರಾನ್ಸಿಸ್ಟರ್ ಆಂಪ್. ಒಂದರ ಸೊಗಸು ಒರಟಾದ ಓವರ್‌ಡ್ರೈವ್‌ನಲ್ಲಿದೆ, ಮತ್ತೊಂದರದು ಶುಭ್ರವಾದ ಕ್ಲೀನ್ ನಾದದಲ್ಲಿದೆ. ಒಂದೇ ಪೆಡಲ್, ಅಂದರೆ ಕಾಲಿನಿಂದ ಒತ್ತಿ ಸದ್ದು ಬದಲಿಸುವ ಪೆಟ್ಟಿಗೆ, ಇವೆರಡರ ಮುಂದೆ ಬೇರೆ ಬೇರೆಯಾಗಿ ನಡೆದುಕೊಳ್ಳುವುದನ್ನು ಗಮನಿಸುತ್ತ ಹೋದಾಗಲೇ ಈ ವಿಷಯ ನನಗೆ ಸ್ಪಷ್ಟವಾಯಿತು.

ಗೇನ್ ಮತ್ತು ವಾಲ್ಯೂಮ್ ಬೇರೆ ಬೇರೆ ಎಂಬುದು ಎಲ್ಲ ಗಿಟಾರ್ ವಾದಕರಿಗೂ ಗೊತ್ತಿರುತ್ತದೆ, ಆದರೆ ಅವು ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ತಿಳಿದುಕೊಂಡರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಗಿಟಾರಿನಿಂದ ಹೊರಟ ಸಂಕೇತವು ಮೊದಲು ಆಂಪ್‌ನ ಆರಂಭದ ಹಂತವಾದ ಪ್ರಿಆಂಪ್‌ಗೆ, ಅಲ್ಲಿಂದ ಎಫೆಕ್ಟ್ಸ್ ಲೂಪ್ (ನಡುವೆ ಪೆಡಲ್ ಜೋಡಿಸುವ ಜಾಗ) ಮೂಲಕ ಸ್ಪೀಕರನ್ನು ನಡೆಸುವ ಪವರ್ ಆಂಪ್‌ಗೆ, ಕೊನೆಗೆ ಸ್ಪೀಕರಿಗೆ ಹೋಗುತ್ತದೆ. ಈ ದಾರಿಯಲ್ಲಿ ಯಾವ ಹಂತದಲ್ಲಿ ಅಲೆಯ ತುದಿ ಚಪ್ಪಟೆಯಾಗುತ್ತದೆಯೋ, ಅಂದರೆ ಕ್ಲಿಪ್ಪಿಂಗ್ ಆಗುತ್ತದೆಯೋ, ಆ ಹಂತದ ಮುಂಚೆ ಸಂಕೇತವನ್ನು ಹೆಚ್ಚಿಸಿದರೆ ಸಿಗುವುದು ಗೇನ್. ಆ ಹಂತದ ನಂತರ ಹೆಚ್ಚಿಸಿದರೆ ಸಿಗುವುದು ವಾಲ್ಯೂಮ್. ಆಗಲೇ ಓವರ್‌ಡ್ರೈವ್ ಆಗಿರುವ, ಅಂದರೆ ಕ್ಲಿಪ್ ಆಗುತ್ತಿರುವ ಪ್ರಿಆಂಪ್‌ಗೆ ಬೂಸ್ಟರ್ (ಸಂಕೇತ ಹೆಚ್ಚಿಸುವ ಪೆಡಲ್) ಹಾಕುವುದು ತುಂಬಿದ ಕೊಡಕ್ಕೆ ಇನ್ನಷ್ಟು ನೀರು ಸುರಿದಂತೆ: ಕೊಡದ ಅಳತೆ ಹೆಚ್ಚುವುದಿಲ್ಲ. ಸ್ವರ ಹೆಚ್ಚು ಹೊತ್ತು ನಿಲ್ಲುತ್ತದೆ, ಬೆರಳಿಗೆ ಹಿತವಾಗುತ್ತದೆ, ಆದರೆ ಸಭಾಂಗಣದ ಕೊನೆಯ ಸಾಲಿಗೆ ಸದ್ದು ಮೊದಲಿನಷ್ಟೇ ತಲುಪುತ್ತದೆ. ಕ್ಲಿಪ್ಪಿಂಗ್ ಅತಿಯಾದಾಗ ಮೀಟಿನ ಪೆಟ್ಟು ಮೊಂಡಾಗುವುದರಿಂದ ಕೆಲವೊಮ್ಮೆ ಮೊದಲಿಗಿಂತ ಕಡಿಮೆ ಕೇಳಿಸಿದಂತೆಯೂ ಆಗುತ್ತದೆ.

ಎಷ್ಟು ಹೆಚ್ಚಿಸಬೇಕು ಎಂಬುದಕ್ಕೂ ಒಂದು ಲೆಕ್ಕವಿದೆ. ಪವರ್ ಎರಡು ಪಟ್ಟಾದರೆ 3 ಡೆಸಿಬಲ್ ಏರುತ್ತದೆ, ನಾಲ್ಕು ಪಟ್ಟಾದರೆ 6, ಹತ್ತು ಪಟ್ಟಾದರೆ 10. ನಮ್ಮ ಕಿವಿಗೆ ಸದ್ದು ಎರಡು ಪಟ್ಟಾಯಿತು ಎನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು. ಸೋಲೋಗೆ, ಅಂದರೆ ಲೀಡ್‌ಗೆ, ಅಷ್ಟು ಬೇಕಾಗಿಲ್ಲ. 4ರಿಂದ 6 ಡೆಸಿಬಲ್ ಸಿಕ್ಕಿದರೆ ಗಿಟಾರ್ ಒಂದು ಹೆಜ್ಜೆ ಮುಂದೆ ಬಂದು ನಿಂತಂತಾಗುತ್ತದೆ, ಅದಕ್ಕಿಂತ ಹೆಚ್ಚಾದರೆ ಹಾಡೇ ಹರಿದುಹೋಗುತ್ತದೆ. ಆದರೆ ಈ 6 ಡೆಸಿಬಲ್ ಸಿಗಬೇಕಾದರೆ 40 ವ್ಯಾಟ್ ಆಂಪ್‌ನಲ್ಲಿ ರಿದಮ್ (ಹಾಡಿನ ಹಿನ್ನೆಲೆಯ ಕಾರ್ಡ್‌ಗಳು) ನುಡಿಸುವಾಗ 10 ವ್ಯಾಟ್‌ಗಿಂತ ಹೆಚ್ಚು ಬಳಸಿರಬಾರದು. 20 ವ್ಯಾಟ್ ಬಳಸಿಬಿಟ್ಟಿದ್ದರೆ ಉಳಿಯುವುದು 3 ಡೆಸಿಬಲ್ ಮಾತ್ರ. ಹಾಗಾಗಿ ಸೌಂಡ್ ಚೆಕ್‌ನಲ್ಲಿ ನಾನು ಮೊದಲು ಸೋಲೋ ಸದ್ದನ್ನು ನಿಗದಿ ಮಾಡಿ, ಅಲ್ಲಿಂದ ಕೆಳಗಿಳಿದು ರಿದಮ್ ಸದ್ದನ್ನು ಹೊಂದಿಸುತ್ತೇನೆ. ಈ ಕ್ರಮವನ್ನು ತಿರುವುಮುರುವು ಮಾಡಿದರೆ ಸೋಲೋ ಬರುವ ಹೊತ್ತಿಗೆ ಆಂಪ್‌ನಲ್ಲಿ ಕೊಡಲು ಏನೂ ಉಳಿದಿರುವುದಿಲ್ಲ.

ಕ್ಲೀನ್ ಆಂಪ್ ಇರುವ ಕಡೆ ಕೆಲಸ ಸುಲಭ. ಜೆಸಿ-120 ಆಂಪ್‌ನಲ್ಲಿ ತಲಾ 60 ವ್ಯಾಟ್‌ನ ಎರಡು ಪವರ್ ಆಂಪ್‌ಗಳು ಎರಡು 12 ಇಂಚಿನ ಸ್ಪೀಕರ್‌ಗಳನ್ನು ನಡೆಸುತ್ತವೆ. ಅದರ ಪ್ರಿಆಂಪ್ ಸುಲಭವಾಗಿ ಕ್ಲಿಪ್ ಆಗುವುದಿಲ್ಲ. ಅದರ ಮುಂದೆ ಇಟ್ಟ ಯಾವ ಬೂಸ್ಟರ್ ಆದರೂ ನೇರವಾಗಿ ವಾಲ್ಯೂಮ್ ಆಗಿಯೇ ಹೊರಬರುತ್ತದೆ. ಅಲ್ಲಿ ನಾನು ಐಬನೆಜ್ ಟ್ಯೂಬ್ ಸ್ಕ್ರೀಮರ್ ಟಿಎಸ್9 ಪೆಡಲ್‌ನ ಡ್ರೈವ್ ಅನ್ನು ಅರ್ಧಕ್ಕೆ ಇಟ್ಟು, ಲೆವೆಲ್ ಅನ್ನು ಕ್ಲೀನ್ ಸದ್ದಿಗಿಂತ ಸ್ವಲ್ಪ ಮೇಲಕ್ಕೆ ಏರಿಸಿಕೊಳ್ಳುತ್ತೇನೆ. ಕ್ಲಿಪ್ಪಿಂಗ್ ಪೆಡಲ್‌ನ ಒಳಗೇ ಆಗುತ್ತದೆ, ಅದರ ನಂತರ ಬರುವ ಲೆವೆಲ್ ಗುಂಡಿ ನಿಜವಾದ ವಾಲ್ಯೂಮ್ ಗುಂಡಿಯಾಗುತ್ತದೆ. ಅದೇ ಪೆಡಲ್ ಅನ್ನು ಮಾರ್ಷಲ್‌ನ ಓವರ್‌ಡ್ರೈವ್ ಚಾನೆಲ್ ಮುಂದೆ ಇಟ್ಟಾಗ ಡ್ರೈವ್ ಅನ್ನು ಬಹುತೇಕ ಸೊನ್ನೆಗೆ ಇಳಿಸಿ ಲೆವೆಲ್ ಅನ್ನು ಪೂರ್ತಿ ಏರಿಸುತ್ತೇನೆ. ಟ್ಯೂಬ್ ಸ್ಕ್ರೀಮರ್ ಸರ್ಕಿಟ್‌ನ ಕ್ಲಿಪ್ಪಿಂಗ್ ಹಂತವು ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳಿಗೆ ಗೇನ್ ಕಡಿಮೆ ಕೊಡುತ್ತದೆ, ಅದರ ಮುಂದಿನ ಹಂತ ತೀಕ್ಷ್ಣವಾದ ಮೇಲಿನ ಭಾಗವನ್ನು ಸೋಸುತ್ತದೆ. ಉಳಿಯುವುದು ನಡುವಿನ ಉಬ್ಬು. ಆ ಉಬ್ಬಿನಿಂದಾಗಿ ಮಾರ್ಷಲ್‌ನ ವಾಲ್ವ್‌ಗಳಿಗೆ ಬೇಸ್ ಕಡಿಮೆ, ಮಿಡ್ (ನಡುವಿನ ಆವರ್ತನಗಳು) ಹೆಚ್ಚು ಹೋಗಿ, ಕ್ಲಿಪ್ಪಿಂಗ್ ಬಿಗಿಯಾಗುತ್ತದೆ. ವಾಲ್ಯೂಮ್ ಮೀಟರಿನಲ್ಲಿ ಹೆಚ್ಚೇನೂ ಏರದಿದ್ದರೂ ಲೀಡ್ ಬಿಡಿಬಿಡಿಯಾಗಿ ಕೇಳಿಸುವುದು ಇದರಿಂದ. ಅಮೆರಿಕದ ಬ್ಲೂಸ್ ಗಿಟಾರ್ ವಾದಕ ಸ್ಟೀವಿ ರೇ ವಾನ್ ಅವರು ಫೆಂಡರ್ ಆಂಪ್‌ಗಳ ಮುಂದೆ ಇದೇ ಪೆಡಲ್ ಬಳಸುತ್ತಿದ್ದುದು ಎಲ್ಲರಿಗೂ ತಿಳಿದ ವಿಷಯ. ಜೋರಾಗಿ ಏರಿಸಿದ, ಇನ್ನೇನು ಒಡೆಯಲಿರುವ ಕ್ಲೀನ್ ಆಂಪ್ ಎದುರಿಗಿದ್ದಾಗ ಈ ಪೆಡಲ್ ಗೇನ್ ಮತ್ತು ವಾಲ್ಯೂಮ್ ಎರಡನ್ನೂ ಸ್ವಲ್ಪ ಸ್ವಲ್ಪ ಕೊಡುತ್ತದೆ.

ನನ್ನ ಅಭಿಪ್ರಾಯದಲ್ಲಿ ಸೋಲೋ ವಿಷಯದಲ್ಲಿ ಅತ್ಯಂತ ನಿರ್ಣಾಯಕವಾದದ್ದು ಮಿಡ್. ಗಿಟಾರಿನ ದಪ್ಪ ತಂತಿಯ ಮೂಲಸ್ವರ ಸುಮಾರು 82 ಹರ್ಟ್ಸ್, ಸಣ್ಣ ತಂತಿಯ 22ನೇ ಫ್ರೆಟ್‌ನ ಸ್ವರ ಸುಮಾರು 1175 ಹರ್ಟ್ಸ್. ಲೀಡ್ ನುಡಿಸುವಾಗ ನಮ್ಮ ಕೈ ಹೆಚ್ಚಾಗಿ ಇರುವುದು 300ರಿಂದ 1000 ಹರ್ಟ್ಸ್ ನಡುವೆ. ಅದರ ಉಪಸ್ವರಗಳು 4 ಕಿಲೋಹರ್ಟ್ಸ್‌ವರೆಗೆ ಚಾಚಿಕೊಂಡಿರುತ್ತವೆ. ಗಿಟಾರ್ ಸ್ಪೀಕರ್‌ಗಳು 5 ಕಿಲೋಹರ್ಟ್ಸ್ ದಾಟಿದ ಮೇಲೆ ಕಡಿದಾಗಿ ಕುಸಿಯುವುದರಿಂದ ಟ್ರೆಬಲ್ ಗುಂಡಿ ತಿರುಗಿಸಿ ಅಲ್ಲಿಂದ ಹೆಚ್ಚಿಗೆ ಏನನ್ನೂ ಪಡೆಯಲಾಗದು. ಕೆಳಭಾಗವನ್ನು ಬೇಸ್ ಗಿಟಾರ್ ಮತ್ತು ಕಿಕ್ ಡ್ರಮ್ ಆಗಲೇ ಆಕ್ರಮಿಸಿಕೊಂಡಿರುತ್ತವೆ, ಮೇಲ್ಭಾಗವನ್ನು ಸಿಂಬಲ್‌ಗಳು. ಮನೆಯಲ್ಲಿ ಒಬ್ಬರೇ ನುಡಿಸುವಾಗ ಮಿಡ್ ತಗ್ಗಿಸಿ, ಬೇಸ್ ಮತ್ತು ಟ್ರೆಬಲ್ ಏರಿಸಿದ ಸದ್ದು ಬಹಳ ದೊಡ್ಡದಾಗಿ, ಸೊಗಸಾಗಿ ಕೇಳಿಸುತ್ತದೆ. ಅದೇ ಸದ್ದು ತಂಡದ ನಡುವೆ ಉಳಿಯುವುದಿಲ್ಲ. ಹೀಗಾಗಿ ಸೋಲೋ ಸದ್ದನ್ನು ನಾನು ಒಬ್ಬನೇ ಕುಳಿತು ಹೊಂದಿಸುವುದನ್ನು ಬಿಟ್ಟು, ಇಡೀ ತಂಡ ನುಡಿಸುತ್ತಿರುವಾಗ, ಉದ್ದನೆಯ ಕೇಬಲ್ ಹಾಕಿಕೊಂಡು ಕೇಳುಗರ ಕಡೆ ಇಳಿದು ನಿಂತು ಹೊಂದಿಸುತ್ತೇನೆ. ಒಂಟಿಯಾಗಿ ಕೇಳಿದರೆ ಮೂಗಿನಿಂದ ಬಂದಂತಿರುವ ಸದ್ದೇ ತಂಡದಲ್ಲಿ ತುಂಬಿದ ಸದ್ದಾಗಿ ನಿಲ್ಲುತ್ತದೆ.

ಈ ಕೆಲಸಕ್ಕೆ ನಾನು ಎಫೆಕ್ಟ್ಸ್ ಲೂಪ್‌ನಲ್ಲಿ ಬಾಸ್ ಜಿಇ-7 ಗ್ರಾಫಿಕ್ ಈಕ್ವಲೈಸರ್ ಇಟ್ಟುಕೊಂಡಿದ್ದೇನೆ. ಅದರಲ್ಲಿ 100, 200, 400, 800 ಹರ್ಟ್ಸ್ ಮತ್ತು 1.6, 3.2, 6.4 ಕಿಲೋಹರ್ಟ್ಸ್ ಎಂಬ ಏಳು ಪಟ್ಟಿಗಳಿವೆ. ಪ್ರತಿಯೊಂದನ್ನೂ 15 ಡೆಸಿಬಲ್‌ವರೆಗೆ ಏರಿಸಬಹುದು ಅಥವಾ ಇಳಿಸಬಹುದು, ಒಟ್ಟು ಲೆವೆಲ್‌ಗೆ ಎಂಟನೆಯ ಸ್ಲೈಡರ್ ಇದೆ. ನನ್ನ ಹೊಂದಾಣಿಕೆಯಲ್ಲಿ 800 ಹರ್ಟ್ಸ್ ಸುಮಾರು 4 ಡೆಸಿಬಲ್ ಮೇಲೆ, 1.6 ಕಿಲೋಹರ್ಟ್ಸ್ 3 ಡೆಸಿಬಲ್ ಮೇಲೆ, 100 ಹರ್ಟ್ಸ್ 3 ಡೆಸಿಬಲ್ ಕೆಳಗೆ, 6.4 ಕಿಲೋಹರ್ಟ್ಸ್ ಸ್ವಲ್ಪ ಕೆಳಗೆ, ಲೆವೆಲ್ 3 ಡೆಸಿಬಲ್ ಮೇಲೆ. ಬೇಸ್ ತಗ್ಗಿಸುವುದನ್ನು ನಾನು ಅಲಂಕಾರಕ್ಕಾಗಿ ಮಾಡುತ್ತಿಲ್ಲ. ಪವರ್ ಆಂಪ್‌ನ ಶಕ್ತಿಯನ್ನು ಹೆಚ್ಚಾಗಿ ನುಂಗುವುದು ಕೆಳಗಿನ ಆವರ್ತನಗಳೇ. ಅವುಗಳನ್ನು ತಗ್ಗಿಸಿದಷ್ಟೂ ಮಿಡ್‌ಗೆ ಜಾಗ ಬಿಡುಗಡೆಯಾಗುತ್ತದೆ. ಇದೇ ಪೆಡಲ್ ಅನ್ನು ಇದೇ ಹೊಂದಾಣಿಕೆಯಲ್ಲಿ ಆಂಪ್‌ನ ಮುಂದೆ ಇಟ್ಟರೆ ಫಲ ಬೇರೆ: ಓವರ್‌ಡ್ರೈವ್‌ನ ಸ್ವಭಾವ ಬದಲಾಗುತ್ತದೆ, ವಾಲ್ಯೂಮ್ ಹೆಚ್ಚೇನೂ ಬದಲಾಗುವುದಿಲ್ಲ. ಲೂಪ್‌ನಲ್ಲಿ ಇಡುವಾಗ ಒಂದನ್ನು ನೋಡಿಕೊಳ್ಳಬೇಕು. ಕೆಲವು ಆಂಪ್‌ಗಳ ಲೂಪ್‌ನಲ್ಲಿ ಸಂಕೇತದ ಮಟ್ಟ ಪೆಡಲ್‌ಗಳು ತಾಳುವುದಕ್ಕಿಂತ ಹೆಚ್ಚಿರುತ್ತದೆ. 9 ವೋಲ್ಟ್‌ನ ಪೆಡಲ್ ಅಲ್ಲಿ ತಾನೇ ಕ್ಲಿಪ್ ಆಗಿ, ಕೀರಲು ಸದ್ದು ಮಾಡತೊಡಗುತ್ತದೆ. ಆಂಪ್‌ನ ಹಿಂಭಾಗದಲ್ಲಿ ಲೂಪ್ ಲೆವೆಲ್‌ನ ಸ್ವಿಚ್ ಇದ್ದರೆ ಅದನ್ನು ಕಡಿಮೆ ಮಟ್ಟಕ್ಕೆ ಹಾಕುವುದು ಒಳ್ಳೆಯದು.

ನನ್ನ ಆಂಪ್‌ನಲ್ಲಿ ಫುಟ್‌ಸ್ವಿಚ್‌ನಿಂದ ಬದಲಿಸಬಹುದಾದ ಎರಡು ಮಾಸ್ಟರ್ ವಾಲ್ಯೂಮ್‌ಗಳಿವೆ. ಒಂದನ್ನು ರಿದಮ್‌ಗೆ, ಮತ್ತೊಂದನ್ನು ಸೋಲೋಗೆ ಹೊಂದಿಸಿಕೊಂಡರೆ ಯಾವ ಪೆಡಲ್ ಇಲ್ಲದೆಯೇ ಕೆಲಸ ನಡೆಯುತ್ತದೆ. ಹೊಸದಾಗಿ ಆಂಪ್ ಕೊಳ್ಳುವವರು ಈ ಸೌಲಭ್ಯವನ್ನು ಕೇಳಿ ನೋಡುವುದು ಒಳ್ಳೆಯದು. ಅದು ವಾಲ್ಯೂಮ್ ಮಾತ್ರ ಕೊಡುತ್ತದೆ, ಸದ್ದಿನ ಬಣ್ಣ ಬದಲಿಸುವುದಿಲ್ಲ ಎಂಬ ಕಾರಣಕ್ಕೆ ನಾನು ಈಕ್ವಲೈಸರನ್ನು ಕೈಬಿಟ್ಟಿಲ್ಲ.

ಬೂಸ್ಟರನ್ನು ಸ್ವತಃ ಕಟ್ಟಿಕೊಳ್ಳುವ ಆಸೆ ಇರುವವರಿಗೆ ಬೆಂಗಳೂರಿನಲ್ಲಿ ಎಸ್.ಪಿ. ರಸ್ತೆ ಇದೆ, ಬೇಕಾದ ಬಿಡಿಭಾಗಗಳು ಅಲ್ಲಿ ತೀರ ಕಡಿಮೆ ಬೆಲೆಗೆ ಸಿಗುತ್ತವೆ. ನಾನು ಮೊದಲು ಕಟ್ಟಿದ್ದು 1960ರ ದಶಕದ ಕೊನೆಯಲ್ಲಿ ಎಲೆಕ್ಟ್ರೊ-ಹಾರ್ಮೋನಿಕ್ಸ್ ಕಂಪನಿ ತಂದ ಎಲ್‌ಪಿಬಿ-1 ಬೂಸ್ಟರಿನ ಸರ್ಕಿಟನ್ನು. ಒಂದೇ ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಎರಡು ಕೆಪ್ಯಾಸಿಟರ್, ಒಂದು 100 ಕಿಲೋ ಓಮ್ ಪಾಟ್ (ಗುಂಡಿ ತಿರುಗಿಸಿ ಬದಲಿಸುವ ರೆಸಿಸ್ಟರ್): ಇಷ್ಟೇ. ಟ್ರಾನ್ಸಿಸ್ಟರಿನ ಬೇಸ್ ಕಾಲಿಗೆ 430 ಮತ್ತು 43 ಕಿಲೋ ಓಮ್, ಕಲೆಕ್ಟರಿಗೆ 10 ಕಿಲೋ ಓಮ್, ಎಮಿಟರಿಗೆ 390 ಓಮ್. ಗೇನ್ ಸುಮಾರು 20 ಪಟ್ಟು, ಅಂದರೆ 26 ಡೆಸಿಬಲ್ ಆಸುಪಾಸು. ಸೋಲೋಗೆ ಬೇಕಾದ್ದಕ್ಕಿಂತ ಇದು ಬಹಳ ಹೆಚ್ಚಾದ್ದರಿಂದ ಕೊನೆಯ ಪಾಟ್‌ನಲ್ಲಿ ಇಳಿಸಿಕೊಳ್ಳಬೇಕು. 2ಎನ್5088 ಟ್ರಾನ್ಸಿಸ್ಟರಿನ ಬದಲಿಗೆ ಸುಲಭವಾಗಿ ಸಿಗುವ ಬಿಸಿ549 ಹಾಕಿದೆ. ಅದರ ಕಾಲುಗಳ ಕ್ರಮ ತಿರುಗುಮುರುಗಾಗಿರುವುದರಿಂದ ಟ್ರಾನ್ಸಿಸ್ಟರನ್ನು ಹಿಂದುಮುಂದಾಗಿ ತಿರುಗಿಸಿ ಬೆಸುಗೆ ಹಾಕಬೇಕು. ಈ ಪುಟ್ಟ ಸರ್ಕಿಟ್‌ನ ಎರಡು ಗುಣಗಳನ್ನು ತಿಳಿದು ಬಳಸಿದರೆ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಮೊದಲನೆಯದು, ಅದರ ಇನ್‌ಪುಟ್ ಇಂಪೀಡೆನ್ಸ್ (ಒಳಬರುವ ಸಂಕೇತಕ್ಕೆ ಒಡ್ಡುವ ತಡೆ) ಸುಮಾರು 30ರಿಂದ 40 ಕಿಲೋ ಓಮ್ ಅಷ್ಟೇ. ಆಂಪ್‌ನ ಇನ್‌ಪುಟ್ ಸಾಮಾನ್ಯವಾಗಿ 1 ಮೆಗಾ ಓಮ್ ಇರುತ್ತದೆ. ಗಿಟಾರನ್ನು ನೇರವಾಗಿ ಈ ಬೂಸ್ಟರಿಗೆ ಜೋಡಿಸಿದರೆ ತಂತಿಯ ಮಿಡಿತವನ್ನು ಸಂಕೇತವಾಗಿಸುವ ಪಿಕಪ್‌ನ ಮೇಲೆ ಹೊರೆ ಬಿದ್ದು ಟ್ರೆಬಲ್ ಮಂಕಾಗುತ್ತದೆ. ಬಫರ್ (ಈ ಹೊರೆ ತಡೆಯುವ ಸರ್ಕಿಟ್) ಇರುವ ಟ್ಯೂನರ್ ಪೆಡಲ್‌ನ ನಂತರ ಇಟ್ಟರೆ ಮಂಕು ಮಾಯವಾಗುತ್ತದೆ. ಎರಡನೆಯದು, ಬಲವಾದ ಸಂಕೇತ ಕೊಡುವ ಹಂಬಕರ್ ಪಿಕಪ್‌ನಲ್ಲಿ ಬಲವಾಗಿ ಮೀಟಿದರೆ ಈ ಸರ್ಕಿಟ್ ತಾನೇ ಕ್ಲಿಪ್ ಆಗುತ್ತದೆ. ಅದನ್ನು ತಪ್ಪಿಸಲು 18 ವೋಲ್ಟ್ ಕೊಡೋಣ ಎಂದು ಯಾರಿಗಾದರೂ ತೋಚಬಹುದು, ಆದರೆ ಅದೇ ರೆಸಿಸ್ಟರ್‌ಗಳನ್ನು ಉಳಿಸಿಕೊಂಡು ವೋಲ್ಟೇಜ್ ಮಾತ್ರ ಏರಿಸಿದರೆ ಬಯಾಸ್ (ಟ್ರಾನ್ಸಿಸ್ಟರ್ ಕೆಲಸ ಮಾಡುವ ಸ್ಥಿರ ಮಟ್ಟ) ಕೆಟ್ಟು ಟ್ರಾನ್ಸಿಸ್ಟರ್ ಸ್ಯಾಚುರೇಟ್ ಆಗಿ, ಸಂಕೇತವನ್ನು ಸರಿಯಾಗಿ ಹೆಚ್ಚಿಸಲಾರದಂತಾಗುತ್ತದೆ. ಈ ಒರಟುತನವೇ ವಾಲ್ವ್ ಆಂಪ್‌ನ ಮುಂದೆ ಅದರ ಸೊಗಸು ಎಂದು ನಾನು ಭಾವಿಸುತ್ತೇನೆ.

ಲೂಪ್‌ನಲ್ಲಿ ಶುಭ್ರವಾದ ಬೂಸ್ಟ್ ಬೇಕಾದಾಗ ಬೇರೆ ಸರ್ಕಿಟ್ ಬೇಕು. ಅದಕ್ಕೆ ಟಿಎಲ್071 ಆಪ್-ಆಂಪ್ (ಸಂಕೇತ ಹೆಚ್ಚಿಸುವ ಚಿಪ್) ಬಳಸಿದೆ. ನಾನ್-ಇನ್ವರ್ಟಿಂಗ್ ಜೋಡಣೆಯಲ್ಲಿ ಫೀಡ್‌ಬ್ಯಾಕ್‌ಗೆ 10 ಕಿಲೋ ಓಮ್, ಗ್ರೌಂಡ್ ಕಡೆಗೆ 10 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಮೂಲಕ ಇನ್ನೊಂದು 10 ಕಿಲೋ ಓಮ್ ಹಾಕಿದರೆ ಗೇನ್ ಸರಿಯಾಗಿ ಎರಡು ಪಟ್ಟು, ಅಂದರೆ 6 ಡೆಸಿಬಲ್. ಗುಂಡಿಯೇ ಬೇಕಿಲ್ಲ. ಒತ್ತಿದರೆ 6 ಡೆಸಿಬಲ್, ಮತ್ತೆ ಒತ್ತಿದರೆ ಮೊದಲಿನ ಮಟ್ಟ. ವೇದಿಕೆಯಲ್ಲಿ ಯಾರ ಕಾಲೋ ತಗುಲಿ ಗುಂಡಿ ತಿರುಗಿಹೋಗುವ ಭಯವೂ ಇಲ್ಲದ ಈ ಪೆಟ್ಟಿಗೆಯನ್ನು ನಾನು ಬಹಳ ಮೆಚ್ಚಿಕೊಂಡಿದ್ದೇನೆ. ಬಿಡಿಭಾಗಗಳನ್ನು ಪೆಡಲ್‌ಗಳಲ್ಲಿ ಜೋಡಿಸುವ ಹುಮ್ಮಸ್ಸಿನಲ್ಲಿ ವಾಲ್ವ್ ಆಂಪ್‌ನ ಒಳಗೆ ಮಾತ್ರ ಕೈ ಹಾಕಬಾರದು. ಅಲ್ಲಿ ನೂರಾರು ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರ್‌ಗಳಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು.

ಪೆಡಲ್‌ಗಳ ಮಾತು ಹೇಳುತ್ತ ಗಿಟಾರಿನ ಮೇಲೆಯೇ ಇರುವ ವಾಲ್ಯೂಮ್ ಗುಂಡಿಯನ್ನು ಮರೆಯಬಾರದು. ಕ್ವೀನ್ ತಂಡದ ಗಿಟಾರ್ ವಾದಕ ಬ್ರಿಯಾನ್ ಮೇ ಅವರು ಟ್ರೆಬಲ್ ಬೂಸ್ಟರ್ ಜೋಡಿಸಿದ ವಾಕ್ಸ್ ಎಸಿ30 ಆಂಪ್ ಅನ್ನು ಜೋರಾಗಿ ಏರಿಸಿಟ್ಟು, ಕ್ಲೀನ್‌ನಿಂದ ಸೋಲೋವರೆಗಿನ ಎಲ್ಲವನ್ನೂ ಗಿಟಾರಿನ ಗುಂಡಿಯಿಂದಲೇ ನಡೆಸುತ್ತಾರೆ. ಪೂರ್ತಿ ಓವರ್‌ಡ್ರೈವ್ ಆದ ಆಂಪ್‌ನಲ್ಲಿ ಗುಂಡಿ ತಗ್ಗಿಸಿದಾಗ ಮೊದಲು ಇಳಿಯುವುದು ಗೇನ್, ಆಮೇಲೆ ವಾಲ್ಯೂಮ್. ರಿದಮ್‌ಗೆ 6 ಅಥವಾ 7ರಲ್ಲಿ ಇಟ್ಟು, ಲೀಡ್‌ಗೆ 10ಕ್ಕೆ ತಿರುಗಿಸುವ ಅಭ್ಯಾಸ ನನಗೆ ನಿಧಾನ ಗತಿಯ ಹಾಡುಗಳಲ್ಲಿ ಬಹಳ ಒದಗಿಬರುತ್ತದೆ. ಗುಂಡಿ ತಗ್ಗಿಸಿದಾಗ ಟ್ರೆಬಲ್ ಕಳೆದುಹೋಗುತ್ತದೆ ಎಂಬ ತೊಂದರೆಗೆ ಪಾಟ್‌ನ ಎರಡು ಕಾಲುಗಳ ನಡುವೆ ಸುಮಾರು 1 ನ್ಯಾನೋಫ್ಯಾರಡ್ ಕೆಪ್ಯಾಸಿಟರ್ ಮತ್ತು 150 ಕಿಲೋ ಓಮ್ ರೆಸಿಸ್ಟರನ್ನು ಪಕ್ಕಪಕ್ಕ ಜೋಡಿಸಿ ಪರಿಹಾರ ಕಂಡುಕೊಂಡಿದ್ದೇನೆ.

ಎಲ್ಲ ಬೂಸ್ಟರ್‌ಗಳಿಗೂ ಒಂದು ಮಿತಿಯಿದೆ: ಪವರ್ ಆಂಪ್ ತನ್ನ ಶಕ್ತಿಯ ತುದಿ ಮುಟ್ಟಿದ ಮೇಲೆ ಮುಂದೆ ಇಟ್ಟರೂ ಲೂಪ್‌ನಲ್ಲಿ ಇಟ್ಟರೂ ವಾಲ್ಯೂಮ್ ಏರದು. ಆಗ ಹೆಚ್ಚು ವ್ಯಾಟ್‌ನ ಆಂಪ್ ಕೊಳ್ಳುವುದಕ್ಕಿಂತ ಸ್ಪೀಕರಿನ ಸೆನ್ಸಿಟಿವಿಟಿ (ಒಂದು ವ್ಯಾಟ್‌ಗೆ ಎಷ್ಟು ಸದ್ದು ಕೊಡುತ್ತದೆ ಎಂಬ ಅಳತೆ) ನೋಡುವುದು ಲೇಸು. 97 ಡೆಸಿಬಲ್‌ನ ಸೆಲೆಶನ್ ಜಿ12ಟಿ-75 ಇರುವ ಕಡೆ 100 ಡೆಸಿಬಲ್‌ನ ವಿಂಟೇಜ್ 30 ಹಾಕಿದರೆ ಸಿಗುವ 3 ಡೆಸಿಬಲ್, ಆಂಪ್‌ನ ವ್ಯಾಟ್ ಎರಡು ಪಟ್ಟು ಮಾಡಿದ್ದಕ್ಕೆ ಸಮ. ವಿಂಟೇಜ್ 30ರ ಮೇಲ್ಮಿಡ್ ಉಬ್ಬು ಲೀಡ್‌ಗೆ ಇನ್ನಷ್ಟು ನೆರವಾಗುತ್ತದೆ. ಸ್ಪೀಕರ್ ಬದಲಿಸುವಾಗ ಇಂಪೀಡೆನ್ಸ್ ಹೊಂದಬೇಕು, ವಾಲ್ವ್ ಆಂಪ್ ಅನ್ನು ಸ್ಪೀಕರ್ ಜೋಡಿಸದೆ ಎಂದೂ ನಡೆಸಬಾರದು.

ಗಣೇಶೋತ್ಸವ, ರಾಜ್ಯೋತ್ಸವದ ಬಯಲು ವೇದಿಕೆಗಳಲ್ಲಿ ಜನರು ಕೇಳುವುದು ಆಂಪ್ ಅನ್ನಲ್ಲ, ಆಂಪ್ ಮುಂದಿನ ಮೈಕ್ ಮೂಲಕ ಬರುವ ಸದ್ದನ್ನು. ಗಿಟಾರ್ ಚಾನೆಲ್‌ಗೆ ಕಂಪ್ರೆಸರ್ ಹಾಕಿದ್ದರೆ ನಾವು ಏರಿಸಿದ್ದರಲ್ಲಿ ಬಹುಪಾಲನ್ನು ಅದು ತಗ್ಗಿಸಿಬಿಡಬಹುದು. ಹಾಗಾಗಿ ಸೌಂಡ್ ಚೆಕ್ ಹೊತ್ತಿಗೆ ನಾನು ಸೌಂಡ್ ಎಂಜಿನಿಯರ್ ಬಳಿ ಹೋಗಿ, “ಸರ್, ಲೀಡ್‌ಗೆ ನಾನೇ ಐದಾರು ಡೆಸಿಬಲ್ ಏರಿಸುತ್ತೇನೆ, ದಯವಿಟ್ಟು ಕಂಪ್ರೆಸರ್ ಸಡಿಲಿಸಿ, ಫೇಡರ್ ಇಳಿಸಬೇಡಿ” ಎಂದು ಕೇಳಿಕೊಂಡು, ರಿದಮ್ ಮತ್ತು ಲೀಡ್ ಎರಡನ್ನೂ ನುಡಿಸಿ ತೋರಿಸುತ್ತೇನೆ. ಅವರು ಲೀಡ್ ಮಟ್ಟಕ್ಕೆ ಮೈಕ್‌ನ ಗೇನ್ ಇಟ್ಟುಕೊಂಡರೆ ರಾತ್ರಿಯಿಡೀ ಇಬ್ಬರಿಗೂ ನೆಮ್ಮದಿ. ಮಲ್ಟಿ ಎಫೆಕ್ಟ್ಸ್‌ನಿಂದ (ಆಂಪ್ ಮತ್ತು ಪೆಡಲ್‌ಗಳನ್ನು ‘ಬ್ಲಾಕ್’ಗಳಾಗಿ ಅನುಕರಿಸುವ ಪೆಟ್ಟಿಗೆ) ನೇರವಾಗಿ ಮಿಕ್ಸರಿಗೆ ಹೋಗುವವರಿಗೂ ಇದೇ ನಿಯಮ ಅನ್ವಯಿಸುತ್ತದೆ. ಅವರು ಆಂಪ್ ಬ್ಲಾಕ್‌ನ ನಂತರ ಬೂಸ್ಟ್ ಬ್ಲಾಕ್ ಇಡಬೇಕು, ಔಟ್‌ಪುಟ್ ಕ್ಲಿಪ್ ದೀಪ ಹೊತ್ತಿಕೊಳ್ಳದಂತೆ ನೋಡಿಕೊಳ್ಳಬೇಕು.

ಜನರೇಟರಿನಿಂದ ವಿದ್ಯುತ್ ಬರುವ ಮೈದಾನಗಳಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದರೆ ಬೂಸ್ಟರ್ ಒತ್ತಿದೊಡನೆ ಹಮ್ ಕೂಡ ಅಷ್ಟೇ ಏರುತ್ತದೆ. ಹಮ್‌ಗಿಂತ ದೊಡ್ಡ ಅಪಾಯ ಶಾಕ್. ತಂತಿ ಹಿಡಿದ ಕೈಯಲ್ಲೇ ಮೈಕ್ ಮುಟ್ಟುವ ಮುಂಚೆ ಟೆಸ್ಟರ್ ಹಿಡಿದು ಮೈಕ್‌ನ ಜಾಲರಿಯನ್ನೂ ಗಿಟಾರಿನ ತಂತಿಯನ್ನೂ ಪರೀಕ್ಷಿಸುವುದನ್ನು ನಾನು ಯಾವ ಗಡಿಬಿಡಿಯಲ್ಲೂ ಬಿಡುವುದಿಲ್ಲ. ಪೆಡಲ್‌ಗಳಿಗೆ ಪ್ರತ್ಯೇಕ ಔಟ್‌ಪುಟ್‌ಗಳಿರುವ ಅಡಾಪ್ಟರ್ ಬಳಸಿದರೆ ಉಳಿದ ಗುಂಯ್‌ಗುಡುವಿಕೆ ಬಹುಪಾಲು ಇಳಿಯುತ್ತದೆ.

ಕೊನೆಯದಾಗಿ, ಲೂಪ್‌ನಲ್ಲಿ ಡಿಲೇ (ಪ್ರತಿಧ್ವನಿ ಕೊಡುವ ಪೆಡಲ್) ಕೂಡ ಇದ್ದರೆ ಬೂಸ್ಟರನ್ನು ಅದರ ಯಾವ ಬದಿಗೆ ಇಡುತ್ತೇವೆ ಎಂಬುದರಿಂದ ಸೋಲೋ ಮುಗಿಯುವ ರೀತಿ ಬದಲಾಗುತ್ತದೆ. ಡಿಲೇಯ ನಂತರ ಬೂಸ್ಟರ್ ಇಟ್ಟರೆ ಅದನ್ನು ಆಫ್ ಮಾಡಿದ ಕ್ಷಣವೇ ಕೊನೆಯ ಸ್ವರದ ಪ್ರತಿಧ್ವನಿಗಳೂ ಥಟ್ಟನೆ ಕುಗ್ಗುತ್ತವೆ. ಡಿಲೇಗೆ ಮುಂಚೆ ಇಟ್ಟರೆ ಆಗಲೇ ಒಳಹೋದ ಸ್ವರಗಳು ಸೋಲೋ ಮಟ್ಟದಲ್ಲೇ ಮರುಕಳಿಸುತ್ತ ತಾವಾಗಿ ಕರಗುತ್ತವೆ, ಅಷ್ಟರಲ್ಲಿ ಕೈ ರಿದಮ್‌ಗೆ ಮರಳಿರುತ್ತದೆ. ನಿಧಾನ ಗತಿಯ ಹಾಡುಗಳಿಗೆ ಎರಡನೆಯ ಕ್ರಮವೇ ಹಿತ. ಚರಣದ ಮೊದಲ ಪದ ಲೀಡ್‌ನ ಕೊನೆಯ ಸ್ವರಕ್ಕೆ ತಾಗಿಕೊಂಡೇ ಶುರುವಾಗುವ ವೇಗದ ಹಾಡುಗಳಲ್ಲಿ ಮಾತ್ರ ಪ್ರತಿಧ್ವನಿ ಗಾಯಕರ ಮೇಲೆ ಬೀಳದಂತೆ ಡಿಲೇಯನ್ನೇ ಆಫ್ ಮಾಡಿಕೊಂಡು ನುಡಿಸುತ್ತೇನೆ.